ಕಪ್ಪೆ ಮೊಟ್ಟೆಯೊಳಗಿನ ವಲಸೆ

1924ರ ಫೆಬ್ರುವರಿ 18ರಂದು ಮೈಸೂರು ಸಂಸ್ಥಾನವೂ ಮದ್ರಾಸ್ ಸರ್ಕಾರವೂ ಕಾವೇರಿ ಒಪ್ಪಂದಕ್ಕೆ ಸಹಿ ಹಾಕಿದವು. ಕನ್ನಂಬಾಡಿ ಕಟ್ಟೆಯನ್ನು 124 ಅಡಿಗೆ ಎತ್ತರಿಸಿ, ಅದರ ನೀರಿನಿಂದ ಹೊಸದಾಗಿ 1,25,000 ಎಕರೆಗೆ ನೀರುಣಿಸಲು ಮೈಸೂರಿಗೆ ಹಾದಿ ತೆರೆಯಿತು. ಅಂದಿನ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆ ಇನ್ನೂ ಮೈಸೂರು ಜಿಲ್ಲೆಯ ಭಾಗ. ಹೊಳೆಗಾಲುವೆಗಳ ಆಸುಪಾಸು ಮತ್ತು ಕೆರೆಯ ಕೆಳಗಿನ ಗದ್ದೆಬಯಲು ಬಿಟ್ಟರೆ ಮಿಕ್ಕಿದ್ದೆಲ್ಲ ರಾಗಿ, ಹುರುಳಿ, ಜೋಳದ ಹೊಲ. ಕಪ್ಪೆಗಳಿಗೂ ಅದೇ ಲೆಕ್ಕ. ಕೆರೆ ತುಂಬಿದರೆ ಸಂತಾನ, ಇಲ್ಲವಾದರೆ ಮಣ್ಣೊಳಗಿನ ಕಾಯುವಿಕೆ.

ಅದೇ 1924ರಲ್ಲಿ ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಿಂದ ಒಂದು ಪ್ರಬಂಧ ಹೊರಬಂತು. ಹಾನ್ಸ್ ಸ್ಪೇಮನ್ ಮತ್ತು ಅವರ ವಿದ್ಯಾರ್ಥಿನಿ ಹಿಲ್ಡೆ ಮ್ಯಾಂಗೋಲ್ಡ್ ಅದರ ಲೇಖಕರು. ಒಂದು ಭ್ರೂಣದ ಚೂರನ್ನು ಕತ್ತರಿಸಿ ಇನ್ನೊಂದು ಭ್ರೂಣಕ್ಕೆ ಕಸಿ ಮಾಡಿದರೆ, ಆ ಎರಡನೆಯ ಭ್ರೂಣದ ಹೊಟ್ಟೆಯ ಕಡೆ ಮತ್ತೊಂದು ಶರೀರವೇ ಮೂಡುತ್ತದೆ ಎಂಬುದು ಅದರ ಸಾರ. ಕಾವೇರಿ ಒಪ್ಪಂದಕ್ಕೂ ಇದಕ್ಕೂ ನೇರ ನಂಟಿಲ್ಲ. ಆದರೂ ಮಂಡ್ಯದ ಓದುಗರಿಗೆ ಇವೆರಡನ್ನೂ ಒಟ್ಟಿಗೆ ಹೇಳಬೇಕು ಅನಿಸುತ್ತದೆ. ಒಪ್ಪಂದದಿಂದ ನಮ್ಮ ಬಯಲಲ್ಲಿ ನೀರು ನಿಂತಿತು. ಆ ನೀರಲ್ಲಿ ಕಪ್ಪೆ ಮೊಟ್ಟೆಯಿಟ್ಟ ರಾತ್ರಿ ಏನು ನಡೆಯುತ್ತದೆ ಎಂಬುದಕ್ಕೆ ಫ್ರೈಬರ್ಗ್‌ನ ಪ್ರಬಂಧ ಒಂದು ದೊಡ್ಡ ಉತ್ತರ ಕೊಟ್ಟಿತು.

ಉತ್ತರಕ್ಕಿಂತ ಪ್ರಶ್ನೆ ಬಹಳ ಹಳೆಯದು. ಗುಂಡಗಿನ ಮೊಟ್ಟೆಯಿಂದ ತಲೆ, ಬಾಲ, ಬೆನ್ನು, ಹೊಟ್ಟೆ ಇರುವ ಮರಿ ಹೇಗೆ ಬರುತ್ತದೆ? ಕೋಳಿಮೊಟ್ಟೆಗೆ ಚಿಪ್ಪಿನ ಮುಚ್ಚಳವಿದೆ, ಹಸುವಿನ ಕರು ಗರ್ಭದೊಳಗೆ ಅಡಗಿದೆ. ಕಪ್ಪೆಯ ಮೊಟ್ಟೆ ಮಾತ್ರ ತಿಳಿಯಾದ ಲೋಳೆಯೊಳಗೆ, ಬಯಲಿನಲ್ಲಿ, ಎಲ್ಲರ ಕಣ್ಣೆದುರೇ ಬೆಳೆಯುತ್ತದೆ. ಡಚ್ ವೈದ್ಯ ಸ್ವಾಮ್ಮರ್‌ಡಾಮ್ 17ನೇ ಶತಮಾನದಲ್ಲೇ ಅದು ಎರಡಾಗಿ ಸೀಳುವುದನ್ನು ಕಂಡಿದ್ದ. 1824ರಲ್ಲಿ ಪ್ರೆವೋ ಮತ್ತು ದ್ಯುಮಾ ಎಂಬಿಬ್ಬರು ಆ ಸೀಳುಗಳು ಒಂದಾದ ಮೇಲೊಂದು ಬೀಳುವ ಕ್ರಮವನ್ನು ಬರೆದಿಟ್ಟರು. ಆದರೆ ಸೀಳು ಬೀಳುವುದರಿಂದಲೇ ಮರಿಯಾಗುವುದಿಲ್ಲ. ಎರಡು, ನಾಲ್ಕು, ಎಂಟು ಎಂದು ಸಾವಿರಾರು ಕೋಶಗಳಾದ ಮೇಲೂ ಅದು ಒಂದು ಗುಂಡೇ.

ಆ ಗುಂಡು ಯಾವ ಗಳಿಗೆಯಲ್ಲಿ ಗುಂಡಾಗಿ ಉಳಿಯದೆ ಬೇರೇನೋ ಆಗಲು ಹೊರಡುತ್ತದೆ ಎಂಬುದನ್ನು ಜತನದಿಂದ ನೋಡಿದವನು ಇಟಲಿಯ ಪಾವಿಯಾದ ಮೌರೊ ರುಸ್ಕೋನಿ. 1826ರಲ್ಲಿ ಸಾಮಾನ್ಯ ಕಪ್ಪೆಯ ಬೆಳವಣಿಗೆಯ ಬಗ್ಗೆ ಚಿತ್ರಸಹಿತ ಪುಸ್ತಕ ಪ್ರಕಟಿಸಿದ. ಮೊಟ್ಟೆಯ ಕೆಳಭಾಗದ ಒಂದು ಕಡೆ ಕಿರಿದಾದ ಬಾಗಿದ ಗೀರು ಮೂಡುತ್ತದೆ, ಅದು ಅರ್ಧಚಂದ್ರವಾಗಿ, ಕೊನೆಗೆ ಪೂರ್ತಿ ವೃತ್ತವಾಗಿ ಒಂದು ಬಿಳಿ ತೇಪೆಯನ್ನು ಸುತ್ತುವರಿಯುತ್ತದೆ, ಆ ತೇಪೆ ಕಿರಿದಾಗುತ್ತ ಒಳಗೆ ಮರೆಯಾಗುತ್ತದೆ ಎಂದು ತೋರಿಸಿದ. ಬಹಳ ಕಾಲ ಆ ದ್ವಾರಕ್ಕೆ ಅವನ ಹೆಸರೇ ಅಂಟಿಕೊಂಡಿತ್ತು. ಮೂರು ದಶಕಗಳ ತರುವಾಯ ಬರ್ಲಿನ್ನಿನ ರಾಬರ್ಟ್ ರೆಮಾಕ್, ಯಹೂದಿಯೆಂಬ ಕಾರಣಕ್ಕೆ ಪೂರ್ಣ ಪ್ರಾಧ್ಯಾಪಕ ಹುದ್ದೆ ಸಿಗದೇ ಹೋದ ಮನುಷ್ಯ, ಬೆನ್ನೆಲುಬಿರುವ ಪ್ರಾಣಿಗಳ ಅಂಗಗಳೆಲ್ಲ ಭ್ರೂಣದ ಮೂರು ಪದರಗಳಿಂದ ಹುಟ್ಟುತ್ತವೆ ಎಂದು ಸ್ಪಷ್ಟಪಡಿಸಿದ. ಹೊರಪದರದಿಂದ ಚರ್ಮ, ಮಿದುಳು, ನರ. ನಡುಪದರದಿಂದ ಮೂಳೆ, ಸ್ನಾಯು, ಹೃದಯ, ರಕ್ತ. ಒಳಪದರದಿಂದ ಕರುಳಿನ ಒಳಗೋಡೆ, ಪಿತ್ತಜನಕಾಂಗ, ಶ್ವಾಸಕೋಶ. ಮನುಷ್ಯನಿಗೂ ಇದೇ ಮೂರು.

ಈ ಮೂರು ಪದರ ಆಗುವುದು ಎಲ್ಲಿಂದ? ರುಸ್ಕೋನಿ ಕಂಡ ಆ ಗೀರಿನಿಂದ. ಅದನ್ನು ಕೊಂಚ ಹತ್ತಿರದಿಂದ ನೋಡೋಣ.

ಭರಣಿ ಮಳೆಯೋ ಮುಂಗಾರಿನ ಮೊದಲ ಜೋರು ಮಳೆಯೋ ಬಿದ್ದ ರಾತ್ರಿ ಮದ್ದೂರಿನ ಗದ್ದೆಬದುವಿನ ಬಳಿ ನಿಂತರೆ ಕಿವಿ ಗಡಚಿಕ್ಕುವ ವಟಗುಟ್ಟುವಿಕೆ. ಬೆಳಗ್ಗೆ ನೋಡಿದರೆ ನಿಂತ ನೀರಲ್ಲಿ ನೆಲಗಪ್ಪೆಯ ಲೋಳೆದಾರಗಳು ಜೊಂಡಿಗೆ ಸುತ್ತಿಕೊಂಡಿರುತ್ತವೆ, ಒಳಗೆ ಸಾಲಾಗಿ ಕರಿಮಣಿ. ಬೇರೆ ಕಪ್ಪೆಗಳವು ನೀರಿನ ಮೇಲೆ ತೆಳುವಾಗಿ ಹರಡಿ ತೇಲುತ್ತವೆ. ಒಂದೊಂದು ಮೊಟ್ಟೆಯೂ ಒಂದೆರಡು ಮಿಲಿಮೀಟರ್. ಬಹುಪಾಲು ಜಾತಿಗಳಲ್ಲಿ ಮೇಲರ್ಧ ಕಪ್ಪು, ಕೆಳಗರ್ಧ ಬಿಳಿಚು. ಬಿಳಿಚಾದ ಕಡೆ ಮರಿಗೆ ಬೇಕಾದ ಆಹಾರದ ದಾಸ್ತಾನು, ಆದ್ದರಿಂದ ಭಾರ, ಆದ್ದರಿಂದ ಕೆಳಗೆ. ವೀರ್ಯಾಣು ಒಳಹೊಕ್ಕ ಕೆಲ ಹೊತ್ತಿನಲ್ಲೇ ಮೊಟ್ಟೆಯ ಹೊರತೊಗಲು ಒಳಗಿನ ದ್ರವ್ಯದ ಮೇಲೆ ಸುಮಾರು 30 ಡಿಗ್ರಿ ತಿರುಗುತ್ತದೆ. ವೀರ್ಯಾಣು ಹೊಕ್ಕ ಬದಿಗೆ ಎದುರಾದ ಬದಿ ಮುಂದೆ ಬೆನ್ನಾಗಬೇಕೆಂದು ಆಗಲೇ ತೀರ್ಮಾನವಾಗಿಬಿಡುತ್ತದೆ.

ಆಮೇಲೆ ಸೀಳುಗಳು. ಗಂಟೆಗಳ ತರುವಾಯ ಗುಂಡಿನ ಮೇಲರ್ಧದೊಳಗೆ ನೀರು ತುಂಬಿದ ಟೊಳ್ಳು ಇರುತ್ತದೆ, ಅದರ ಮೇಲೆ ಕೋಶಗಳ ಚಾವಣಿ, ಕೆಳಗೆ ದಪ್ಪ ದಾಸ್ತಾನು ಕೋಶಗಳು. ಇಲ್ಲಿಯತನಕ ಯಾವ ಕೋಶವೂ ತನ್ನ ಜಾಗ ಬಿಟ್ಟು ಹೋಗಿಲ್ಲ. ಈಗ ಬೆನ್ನಿನ ಕಡೆ, ಸಮಭಾಜಕದ ಕೊಂಚ ಕೆಳಗೆ, ಕೆಲವು ಕೋಶಗಳ ಹೊರತುದಿ ಕುಗ್ಗಿ ಕಿರಿದಾಗುತ್ತದೆ, ಒಳತುದಿ ಉಬ್ಬುತ್ತದೆ. ಕುತ್ತಿಗೆ ಸಣ್ಣಗೆ, ಹೊಟ್ಟೆ ದಪ್ಪಗೆ ಆದ ಈ ಕೋಶಗಳಿಗೆ ಸೀಸೆಕೋಶಗಳೆಂದೇ ಹೆಸರು. ಅವು ಕುಗ್ಗಿದ ಜಾಗದಲ್ಲಿ ತಗ್ಗು ಬೀಳುತ್ತದೆ. ಅದೇ ರುಸ್ಕೋನಿಯ ಗೀರು. ಗೀರಿನ ಮೇಲಂಚಿನ ಕೋಶಗಳು ಆ ತುಟಿಯನ್ನು ಬಳಸಿ ಒಳಗೆ ಮಗುಚಿಕೊಂಡು, ಚಾವಣಿಯ ಒಳಮೈ ಹಿಡಿದು, ಮುಂದೆ ತಲೆಯಾಗುವ ದಿಕ್ಕಿಗೆ ಏರುತ್ತವೆ. ಮೇಲಿನ ಕಪ್ಪು ಕೋಶಗಳು ತೆಳ್ಳಗಾಗಿ ಹರಡುತ್ತ ಇಡೀ ಗುಂಡನ್ನು ಮುಚ್ಚಲು ಕೆಳಗಿಳಿಯುತ್ತವೆ. ದಾಸ್ತಾನು ಕೋಶಗಳು ಒಳಗೆ ಸೇರಿ ಕರುಳಿನ ನೆಲವಾಗುತ್ತವೆ. ಹೊರಗೆ ಕಾಣುವ ಕೊನೆಯ ಬಿಳಿ ಚುಕ್ಕೆ ಸಣ್ಣದಾಗುತ್ತ ಮುಚ್ಚಿಹೋಗುತ್ತದೆ. ಆ ದ್ವಾರದ ಜಾಗವೇ ಮುಂದೆ ಮರಿಯ ಗುದದ್ವಾರ. ಬೆಳಗಿನ ಗುಂಡು ಸಂಜೆಯ ಹೊತ್ತಿಗೆ ಒಳಗೊಂದು, ನಡುವೊಂದು, ಹೊರಗೊಂದು ಪದರವಿರುವ ಜೀವ. ಯುರೋಪಿನ ಚಳಿಯಲ್ಲಿ ಕಪ್ಪೆಯ ಮೊಟ್ಟೆ ಒಡೆಯಲು ಎರಡು ಮೂರು ವಾರ ಹಿಡಿಯುತ್ತದೆ. ನಮ್ಮ ಬೆಚ್ಚನೆಯ ಗದ್ದೆನೀರಿನಲ್ಲಿ ಒಂದೆರಡು ದಿನದಲ್ಲೇ ಗೊದಮೊಟ್ಟೆ ಹೊರಬರುತ್ತದೆ. ಹೀಗಾಗಿ ಇಷ್ಟೆಲ್ಲ ನಡೆಯುವುದು ಬಲು ಚುರುಕಾಗಿ.

ಹೀಗೆ ಹೇಳುವುದು ಇಂದು ಸುಲಭ. ಇದನ್ನು ಹೊರಗಿನಿಂದ ಕಾಣುವುದು ಕಷ್ಟ, ಒಳಗೆ ಯಾವ ಕೋಶ ಎಲ್ಲಿಗೆ ಹೋಯಿತೆಂದು ಹೇಳುವುದು ಇನ್ನೂ ಕಷ್ಟ. 1888ರಲ್ಲಿ ವಿಲ್ಹೆಲ್ಮ್ ರೂ ಕಾದ ಸೂಜಿಯಿಂದ ಕಪ್ಪೆಯ ಎರಡು ಕೋಶಗಳ ಭ್ರೂಣದ ಒಂದು ಕೋಶವನ್ನು ಕೊಂದ. ಉಳಿದರ್ಧದಿಂದ ಅರ್ಧ ಭ್ರೂಣ ಬಂತು. ಪ್ರತಿ ಕೋಶಕ್ಕೂ ತನ್ನ ಹಣೆಬರಹ ಮೊದಲೇ ಬರೆದಿದೆ ಎಂದು ಆತ ತೀರ್ಮಾನಿಸಿದ. ಸತ್ತ ಅರ್ಧ ಅಲ್ಲೇ ಅಂಟಿಕೊಂಡಿದ್ದದ್ದೇ ಅಡ್ಡಿಯಾಗಿತ್ತು ಎಂಬುದು 1910ರಲ್ಲಿ ಮೆಕ್ಲೆಂಡನ್ ಅದನ್ನು ಪೂರ್ತಿ ತೆಗೆದು ನೋಡಿದಾಗ ಗೊತ್ತಾಯಿತು. ಉಳಿದ ಒಂದೇ ಕೋಶ ಇಡೀ ಮರಿಯಾಯಿತು. ಅಂದರೆ ಕೋಶಗಳು ಒಂದನ್ನೊಂದು ಅರಿಯುತ್ತವೆ, ನೆರೆಹೊರೆ ಬದಲಾದರೆ ಹಾದಿಯೂ ಬದಲಾಗುತ್ತದೆ.

ಸ್ಪೇಮನ್ ಹಿಡಿದದ್ದು ಈ ಎಳೆಯನ್ನು. ಅವರ ಉಪಕರಣಗಳನ್ನು ನೆನೆದರೆ ಇಂದಿಗೂ ಬೆರಗಾಗುತ್ತದೆ. ಕಾಯಿಸಿ ಎಳೆದ ಗಾಜಿನ ಸೂಜಿ, ಎಳೆ ಕೂಸಿನ ಕೂದಲಿನ ಕುಣಿಕೆ, ಒಂದು ಸೂಕ್ಷ್ಮದರ್ಶಕ, ಅಷ್ಟೆ. 1921 ಮತ್ತು 1922ರ ವಸಂತದಲ್ಲಿ ಹಿಲ್ಡೆ ಇವುಗಳಿಂದಲೇ ಕೆಲಸ ಮಾಡಿದರು. ಆಯ್ದುಕೊಂಡದ್ದು ಕಪ್ಪೆಯ ದಾಯಾದಿಗಳಾದ ನ್ಯೂಟ್‌ಗಳನ್ನು, ಕಾರಣ ಬಣ್ಣ. ಒಂದು ಜಾತಿಯ ಭ್ರೂಣ ಬಿಳಿಚು, ಇನ್ನೊಂದರದು ಕಪ್ಪು. ಬಿಳಿ ಭ್ರೂಣದಲ್ಲಿ ಗೀರಿನ ಮೇಲ್ತುಟಿಯನ್ನು ಕತ್ತರಿಸಿ ಕಪ್ಪು ಭ್ರೂಣದ ಹೊಟ್ಟೆಯಾಗಬೇಕಾದ ಕಡೆ ಇಟ್ಟರೆ, ಯಾವ ಕೋಶ ಯಾರದು ಎಂದು ಕೊನೆಯವರೆಗೂ ಹೇಳಬಹುದು. ಸೋಂಕು ತಡೆಯುವ ಔಷಧಗಳಿಲ್ಲದ ಕಾಲ. ನೂರಾರು ಕಸಿಗಳಲ್ಲಿ ಬಹುಪಾಲು ಭ್ರೂಣಗಳು ಸತ್ತವು. ಕೊನೆಗೆ ಪ್ರಬಂಧದಲ್ಲಿ ವಿವರಿಸಲು ಸಿಕ್ಕಿದ್ದು ಬೆರಳೆಣಿಕೆಯಷ್ಟು.

ಆ ಬೆರಳೆಣಿಕೆ ಸಾಕಾಯಿತು. ಕಸಿಯಾದ ಬಿಳಿ ಕೋಶಗಳು ಹೊಸ ಜಾಗದಲ್ಲೂ ಒಳಗೆ ಮಗುಚಿಕೊಂಡು ಬೆನ್ನಿನ ಮೂಲದಂಡವಾದವು. ಅವುಗಳ ಮೇಲಿದ್ದ ಕಪ್ಪು ಕೋಶಗಳು, ಹೊಟ್ಟೆಯ ಚರ್ಮವಾಗಬೇಕಾಗಿದ್ದವು, ನರಕೊಳವೆಯಾಗಿ ತಿರುಗಿದವು. ಒಂದೇ ಭ್ರೂಣದಲ್ಲಿ ಎರಡು ಬೆನ್ನು. ಆ ತುಣುಕಿಗೆ ಸ್ಪೇಮನ್ ಸಂಘಟಕ ಎಂಬ ಅರ್ಥದ ಹೆಸರಿಟ್ಟರು. ಅದು ಹಿಲ್ಡೆಯ ಡಾಕ್ಟರೇಟ್ ಕೆಲಸ. ಪ್ರಬಂಧದಲ್ಲಿ ಗುರುವಿನ ಹೆಸರು ಮೊದಲು, ಅವರದು ಎರಡನೆಯದು. 1924ರ ಸೆಪ್ಟೆಂಬರ್‌ನಲ್ಲಿ ಮನೆಯ ಸ್ಟೌವ್ ಹೊತ್ತಿಕೊಂಡು ಸುಟ್ಟಗಾಯಗಳಿಂದ ಅವರು ತೀರಿಕೊಂಡರು, 26 ತುಂಬುವ ಮೊದಲೇ. 1935ರಲ್ಲಿ ಸ್ಪೇಮನ್ ಒಬ್ಬರಿಗೇ ನೊಬೆಲ್ ಬಂತು. ಆ ಸೂಕ್ಷ್ಮ ಕಸಿಗಳನ್ನು ಮಾಡಿದ್ದು ಹಿಲ್ಡೆಯ ಕೈ. ಪಾಠ ಮಾಡುವವರು ಆ ಹೆಸರನ್ನು ಮೊದಲು ಹೇಳಿದರೂ ತಪ್ಪಾಗಲಾರದು.

ಆ ಹೊತ್ತಿಗೆ ಮ್ಯೂನಿಕ್‌ನಲ್ಲಿ ವಾಲ್ಟರ್ ಫೋಗ್ಟ್ ಕತ್ತರಿಸದೆಯೇ ನೋಡುವ ಹಾದಿ ಹುಡುಕಿದ್ದರು. ಅಗರ್ ಚೂರನ್ನು ನೀಲಿ, ಕೆಂಪು ಬಣ್ಣದಲ್ಲಿ ನೆನೆಸಿ ಬದುಕಿರುವ ಭ್ರೂಣದ ಮೈಗೆ ಒತ್ತಿದರೆ ಅಲ್ಲಿನ ಕೋಶಗಳಿಗೆ ಬಣ್ಣ ಹತ್ತುತ್ತದೆ, ಸಾಯುವುದಿಲ್ಲ. ಮರುದಿನ ಆ ನೀಲಿ ಚುಕ್ಕೆ ಎಲ್ಲಿದೆ ಎಂದು ಹುಡುಕಿದರಾಯಿತು. ಚುಕ್ಕೆಗಳು ಉದ್ದ ಪಟ್ಟಿಗಳಾಗಿ, ತುಟಿ ದಾಟಿ, ಒಳಗೆ ಸೇರಿದ್ದವು. 1929ರಲ್ಲಿ ಆತ ಪ್ರಕಟಿಸಿದ ನಕ್ಷೆಯಲ್ಲಿ, ಇನ್ನೂ ಗುಂಡಾಗಿರುವ ಭ್ರೂಣದ ಮೈಮೇಲೆ, ಮುಂದೆ ಕಣ್ಣಾಗುವ ಜಾಗ, ಸ್ನಾಯುವಾಗುವ ಜಾಗ, ಕರುಳಾಗುವ ಜಾಗ ಎಲ್ಲ ಗುರುತಾಗಿತ್ತು.

ಇತ್ತ ಮೈಸೂರು ಸಂಸ್ಥಾನದಲ್ಲೂ ಕಪ್ಪೆಯ ಕೆಲಸ ನಡೆದಿತ್ತು, ಆದರೆ ಬೇರೆ ಬಗೆಯದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದ ಸಿ. ಆರ್. ನಾರಾಯಣರಾವ್ (1882–1960) ದಕ್ಷಿಣ ಭಾರತದ ಕಪ್ಪೆಗಳನ್ನು ಹಿಡಿದು, ಅಳೆದು, ಹೆಸರಿಟ್ಟವರು. ಪಶ್ಚಿಮಘಟ್ಟದ ಹೊಳೆಗಳಿಂದ ಹಿಡಿದು ಬಯಲುಸೀಮೆಯ ನೀರುಗುಂಡಿಗಳವರೆಗೆ ಅವರ ಆಸಕ್ತಿ. 1918ರಲ್ಲಿ ಕಿರುಬಾಯಿ ಕಪ್ಪೆಗಳ ಗೊದಮೊಟ್ಟೆಗಳ ಮೇಲೆ ಲೇಖನ ಬರೆದರು. 1932ರ ಜುಲೈನಲ್ಲಿ ಬೆಂಗಳೂರಿನಿಂದ ‘ಕರೆಂಟ್ ಸೈನ್ಸ್’ ಪತ್ರಿಕೆ ಹೊರಟಾಗ ಅವರೇ ಮೊದಲ ಸಂಪಾದಕರು. 1937ರಲ್ಲಿ ದಕ್ಷಿಣ ಭಾರತದ ಹೊಸ ಕಪ್ಪೆಗಳ ಬಗ್ಗೆ ಬರೆದ ದೀರ್ಘ ಪ್ರಬಂಧ ಇಂದಿಗೂ ಕಪ್ಪೆ ವಿಜ್ಞಾನಿಗಳ ಮೇಜಿನ ಮೇಲಿದೆ. ಅವರು ಕೂಡಿಟ್ಟ ಮೂಲ ಮಾದರಿಗಳು ಮಾತ್ರ ಕಳೆದುಹೋದವು. ಹೆಸರಿದೆ, ವರ್ಣನೆಯಿದೆ, ಹೋಲಿಸಿ ನೋಡಲು ಕಪ್ಪೆಯಿಲ್ಲ. ಇದು ಕನ್ನಡ ನಾಡಿನ ವಿಜ್ಞಾನಕ್ಕೆ ಆದ ನಿಜವಾದ ನಷ್ಟ. 2010ರಲ್ಲಿ ಎಸ್. ಡಿ. ಬಿಜು ಮತ್ತು ಸಂಗಡಿಗರು ಪೊದೆಗಪ್ಪೆಗಳ ಒಂದು ಕುಲಕ್ಕೆ ರಾವೋರ್ಕೆಸ್ಟಿಸ್ ಎಂದು ಹೆಸರಿಟ್ಟು ಅವರನ್ನು ನೆನೆದರು. ಆ ಕುಲದ ಮೊಟ್ಟೆಗಳಿಗೆ ಇನ್ನೊಂದು ವಿಶೇಷ: ನೀರಿಗೆ ಬೀಳುವುದಿಲ್ಲ, ಗೊದಮೊಟ್ಟೆಯ ಹಂತ ಮೊಟ್ಟೆಯೊಳಗೇ ಮುಗಿದು ಪುಟ್ಟ ಕಪ್ಪೆಯೇ ಹೊರಬರುತ್ತದೆ.

ಸೆಂಟ್ರಲ್ ಕಾಲೇಜಿನ ಮತ್ತೊಂದು ಹೆಸರನ್ನೂ ಇಲ್ಲಿ ಹೇಳಲೇಬೇಕು. ಕನ್ನಡಿಗರು ‘ಹಸುರು ಹೊನ್ನು’ವಿನ ಲೇಖಕನೆಂದು ಪ್ರೀತಿಸುವ ಬಿ. ಜಿ. ಎಲ್. ಸ್ವಾಮಿ ಅಲ್ಲಿ ಓದಿದವರು, ಸಸ್ಯಗಳ ಭ್ರೂಣಶಾಸ್ತ್ರದಲ್ಲಿ ಲೋಕ ಮನ್ನಿಸಿದ ಕೆಲಸ ಮಾಡಿದವರು. ಸಸ್ಯದ ಕೋಶಕ್ಕೆ ಗಟ್ಟಿ ಗೋಡೆಯಿದೆ, ಅದು ಜಾಗ ಬಿಟ್ಟು ಸರಿಯಲಾರದು. ಹಾಗಾಗಿ ಸಸ್ಯದ ಭ್ರೂಣ ತನ್ನ ರೂಪವನ್ನು ಕೋಶ ಹೇಗೆ ಸೀಳುತ್ತದೆ, ಎತ್ತ ಹಿಗ್ಗುತ್ತದೆ ಎಂಬುದರಿಂದಲೇ ಪಡೆಯಬೇಕು. ಪ್ರಾಣಿಯ ಭ್ರೂಣಕ್ಕಾದರೋ ನಡೆದಾಟವೇ ಜೀವಾಳ. ಎರಡನ್ನೂ ಜೊತೆಗಿಟ್ಟು ನೋಡಿದಾಗ ಕಪ್ಪೆಯ ಮೊಟ್ಟೆಯೊಳಗಿನ ಆ ವಲಸೆ ಎಷ್ಟು ದೊಡ್ಡ ಸಂಗತಿ ಎಂಬುದು ಮನದಟ್ಟಾಗುತ್ತದೆ.

ಇತ್ತ ಕಾವೇರಿ ಒಪ್ಪಂದದ ಫಲವಾಗಿ, 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆ, ಇಂದಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆಯ ಸುರಂಗ ದಾಟಿ ಮಂಡ್ಯದತ್ತ ಹರಿಯಿತು. ಮದ್ದೂರು ಶಾಖೆ, ತುರುಗನೂರು ಶಾಖೆಗಳಾಗಿ ಕವಲೊಡೆಯಿತು. ಒಣಹೊಲಗಳು ಭತ್ತದ, ಕಬ್ಬಿನ ಗದ್ದೆಗಳಾದವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು. ನೀರಿನ ಹಿಂದೆಯೇ ಸೊಳ್ಳೆ, ಮಲೇರಿಯಾ ಬಂದವು. ಕೆಸರುಗದ್ದೆ ಕಪ್ಪೆಗಳಿಗೆ ಹೇಳಿಮಾಡಿಸಿದ ಜಾಗ. ಮಳೆಯನ್ನೇ ನೆಚ್ಚಿದ್ದ ಬಯಲಲ್ಲಿ ಈಗ ನಾಲೆಗೆ ನೀರು ಬಿಟ್ಟಾಗಲೂ ತೂಬಿನ ಬಳಿ ಮೊಟ್ಟೆಯ ಲೋಳೆ. ಮಳವಳ್ಳಿಯ ಕೊನೇ ಭಾಗದ ರೈತರಿಗೆ ನಾಲೆಯ ನೀರು ತಲುಪುವುದು ಅಂದಿನಿಂದ ಇಂದಿನವರೆಗೆ ತಕರಾರಿನ ವಿಷಯ, ಅಲ್ಲಿನ ಕಪ್ಪೆಗಳ ಪಾಡೂ ಅದೇ.

ಭ್ರೂಣದ ಕಥೆಯಲ್ಲಿ ಮುಂದಿನ ದೊಡ್ಡ ಹೆಜ್ಜೆ ಇಟ್ಟವರು ಯೊಹಾನೆಸ್ ಹೋಲ್ಟ್‌ಫ್ರೇಟರ್. ಸ್ಪೇಮನ್‌ರ ಶಿಷ್ಯ, ಚಿತ್ರಕಾರ, ತಿರುಗಾಟದ ಹುಚ್ಚಿನವರು. ಭ್ರೂಣದ ಚೂರುಗಳು ಹೊರಗೂ ಬದುಕುವಂಥ ಉಪ್ಪುನೀರಿನ ದ್ರಾವಣವೊಂದನ್ನು ರೂಪಿಸಿದ್ದರು. 1933ರಲ್ಲಿ ಅವರು ಕಂಡದ್ದು ಇದು: ಲೋಳೆ ತೆಗೆದ ಭ್ರೂಣವನ್ನು ಉಪ್ಪು ಹೆಚ್ಚಿರುವ ನೀರಿನಲ್ಲಿ ಬಿಟ್ಟರೆ ಒಳಗೆ ಹೋಗಬೇಕಾದ ಪದರಗಳು ಹೊರಕ್ಕೆ ಸರಿಯುತ್ತವೆ. ಒಳಪದರ, ನಡುಪದರ ಒಂದು ಕಡೆ. ಹೊರಪದರ ಖಾಲಿ ಚೀಲವಾಗಿ ಇನ್ನೊಂದು ಕಡೆ, ನಡುವೆ ಸಣ್ಣ ಕುತ್ತಿಗೆ ಮಾತ್ರ. ಹೊರಕ್ಕೆ ಸರಿದ ಭಾಗದಲ್ಲಿ ಸ್ನಾಯು, ಕರುಳು ಎಲ್ಲ ಉಂಟು. ಖಾಲಿ ಚೀಲದಲ್ಲಿ ಮಿದುಳಿಲ್ಲ, ನರವಿಲ್ಲ, ಸುಕ್ಕುಗಟ್ಟಿದ ಚರ್ಮವಷ್ಟೇ. ನಡುಪದರ ಕೆಳಗೆ ಬಂದು ಸೇರದಿದ್ದರೆ ಹೊರಪದರಕ್ಕೆ ಮಿದುಳಾಗುವ ದಾರಿಯೇ ಇಲ್ಲ. ಚಲನೆ ತಪ್ಪಿದರೆ ಜೋಡಣೆ ತಪ್ಪುತ್ತದೆ, ಜೋಡಣೆ ತಪ್ಪಿದರೆ ಅಂಗವೇ ಹುಟ್ಟುವುದಿಲ್ಲ. ಭ್ರೂಣಶಾಸ್ತ್ರದ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಸ್ಫುಟವಾದ ಪ್ರಯೋಗ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಹಿಟ್ಲರನ ಜರ್ಮನಿಯಲ್ಲಿ ಇರಲಾರದೆ 1939ರಲ್ಲಿ ಅವರು ಕೇಂಬ್ರಿಜ್‌ಗೆ ಬಂದರು. ಯುದ್ಧ ಬಿರುಸಾದಾಗ ಬ್ರಿಟಿಷರು ಅವರನ್ನು ಶತ್ರುದೇಶದ ಪ್ರಜೆಯೆಂದು ಹಿಡಿದು ಕೆನಡಾದ ಶಿಬಿರಕ್ಕೆ ಕಳಿಸಿದರು. ಬಿಡುಗಡೆಯಾದ ಮೇಲೆ ಮಾಂಟ್ರಿಯಲ್‌ನಲ್ಲಿ ಕುಳಿತು 1943–44ರಲ್ಲಿ ಪದರಗಳ ಚಲನೆಯ ಯಂತ್ರವಿದ್ಯೆಯ ಮೇಲೆ ಎರಡು ಪ್ರಬಂಧ ಪ್ರಕಟಿಸಿದರು. ಗೀರಿನ ಸೀಸೆಕೋಶಗಳನ್ನು ಕಿತ್ತು ದಾಸ್ತಾನು ಕೋಶಗಳ ಹಾಸಿನ ಮೇಲೆ ಇಟ್ಟರೆ ಅವು ತಾವಾಗಿ ಒಳಗಿಳಿದು ತಗ್ಗು ಮಾಡುತ್ತಿದ್ದವು. ಅಮೆರಿಕದ ರಾಚೆಸ್ಟರ್‌ನಲ್ಲಿ, 1955ರಲ್ಲಿ, ಫಿಲಿಪ್ ಟೌನ್ಸ್ ಜೊತೆಗೂಡಿ ಇನ್ನೂ ಮುಂದೆ ಹೋದರು. ಬೇರೆ ಬೇರೆ ಪದರಗಳ ಕೋಶಗಳನ್ನು ಬಿಡಿಬಿಡಿಯಾಗಿಸಿ ಕಲಸಿಬಿಟ್ಟರು. ಸ್ವಲ್ಪ ಹೊತ್ತಿಗೆ ಒಂದು ಮುದ್ದೆ. ಆಮೇಲೆ ಒಳಗೇ ಸರಿದಾಟ. ಚರ್ಮದ ಕೋಶಗಳು ಹೊರಮೈಗೆ, ನರದ ಕೋಶಗಳು ಒಳಕ್ಕೆ, ನಡುಪದರದವು ಮಧ್ಯಕ್ಕೆ. ಕಲಸಿದರೂ ತಮ್ಮ ತಮ್ಮ ಜಾಗ ಹುಡುಕಿಕೊಂಡವು. ಯಾವ ಕೋಶ ಯಾವುದಕ್ಕೆ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಎಂಬುದರಲ್ಲೇ ಪದರಗಳ ಗುಟ್ಟಿದೆ ಎಂಬ ಅವರ ಮಾತಿಗೆ ಮುಂದೆ ಜಪಾನಿನ ಮಸಾತೋಶಿ ತಾಕೆಇಚಿ ಕಂಡುಹಿಡಿದ ಕ್ಯಾಡ್‌ಹೆರಿನ್ ಎಂಬ ಅಂಟುಪ್ರೋಟೀನ್‌ಗಳು ಆಧಾರವಾದವು.

ಸ್ಪೇಮನ್ ಕಾಲದಲ್ಲಿ ವರ್ಷಕ್ಕೊಂದು ವಸಂತ ಮಾತ್ರ ಕೆಲಸದ ಹಂಗಾಮು. ಆಫ್ರಿಕಾದ ಕ್ಸೆನೋಪಸ್ ಕಪ್ಪೆ ಆ ಕಟ್ಟನ್ನು ಬಿಡಿಸಿತು. ಬಸುರಿಯ ಮೂತ್ರದ ಚುಚ್ಚುಮದ್ದಿಗೆ ಅದು ಮೊಟ್ಟೆಯಿಡುತ್ತದೆಂದು ತಿಳಿದ ಮೇಲೆ ಆಸ್ಪತ್ರೆಗಳು ಬಸಿರು ಪರೀಕ್ಷೆಗೆ ಸಾಕಿದವು, ಅಲ್ಲಿಂದ ಪ್ರಯೋಗಾಲಯಗಳಿಗೆ ಹಬ್ಬಿತು. ಅದರ ಮೇಲೆ ಬರ್ಕ್ಲಿಯ ರೇ ಕೆಲ್ಲರ್ 1981ರಲ್ಲಿ ಸೀಸೆಕೋಶಗಳನ್ನೇ ತೆಗೆದುಹಾಕಿ ನೋಡಿದರು. ಪದರಗಳ ಒಳಸರಿತ ನಿಲ್ಲಲಿಲ್ಲ. ಹಾಗಾದರೆ ನಿಜವಾದ ಬಲ ಬೇರೆ ಕಡೆಯಿದೆ. ಬೆನ್ನಿನ ಕಡೆಯ ನಡುಪದರವನ್ನು ಕತ್ತರಿಸಿ ತಟ್ಟೆಯಲ್ಲಿಟ್ಟು ಚಿತ್ರೀಕರಿಸಿದಾಗ ಅದು ಕಾಣಿಸಿತು. ಜಾತ್ರೆಯಲ್ಲಿ ಅಗಲಕ್ಕೆ ನಿಂತ ಜನ ದರ್ಶನಕ್ಕಾಗಿ ಅಕ್ಕಪಕ್ಕದವರ ನಡುವೆ ನುಸುಳಿ ಕಿರಿದಾದ ಉದ್ದ ಸಾಲಾಗುವಂತೆ, ಕೋಶಗಳು ಬದಿಯಿಂದ ಮಧ್ಯದ ಗೆರೆಯತ್ತ ಒಂದರ ನಡುವೆ ಒಂದು ನುಗ್ಗುತ್ತಿದ್ದವು. ಪದರ ಕಿರಿದಾಗುತ್ತ, ಉದ್ದವಾಗುತ್ತಿತ್ತು. ಯಾರೂ ಹೊರಗಿನಿಂದ ಎಳೆಯುತ್ತಿರಲಿಲ್ಲ. ಗುಂಡಗಿನ ಭ್ರೂಣಕ್ಕೆ ತಲೆಯಿಂದ ಬಾಲದವರೆಗಿನ ಉದ್ದ ಬರುವುದು ಬಹುಮಟ್ಟಿಗೆ ಈ ನುಸುಳಾಟದಿಂದ. ಮನುಷ್ಯರಲ್ಲಿ ಇದನ್ನು ನಡೆಸುವ ಜೀನ್‌ಗಳು ಕೆಟ್ಟರೆ ನರಕೊಳವೆ ಮುಚ್ಚದ ಜನ್ಮದೋಷಗಳು ಬರಬಹುದು. 1990ರ ದಶಕದಲ್ಲಿ ಸಂಘಟಕದಿಂದ ಹೊರಡುವ ನಾಗಿನ್, ಕಾರ್ಡಿನ್ ಎಂಬ ಪ್ರೋಟೀನ್‌ಗಳೂ ಸಿಕ್ಕವು. ಹಿಲ್ಡೆ ಕಸಿ ಮಾಡಿದ ಚೂರಿನ ಮಾತು ಎಪ್ಪತ್ತು ವರ್ಷದ ತರುವಾಯ ಕೇಳಿಸಿದ ಹಾಗಾಯಿತು.

ನಮ್ಮ ಗದ್ದೆಯ ದೊಡ್ಡ ಕಪ್ಪೆಗೆ ಅಷ್ಟರಲ್ಲಿ ಬೇರೆಯೇ ಗಂಡಾಂತರ ಬಂದಿತ್ತು. 1980ರ ದಶಕದ ಆರಂಭದಲ್ಲಿ ಭಾರತ ವರ್ಷಕ್ಕೆ ಸಾವಿರಾರು ಟನ್ ಕಪ್ಪೆಕಾಲು ರಫ್ತು ಮಾಡುತ್ತಿತ್ತು. ಹುಳುಹುಪ್ಪಟೆ ತಿನ್ನುವ ಜೀವಿ ಗದ್ದೆಯಿಂದ ಮರೆಯಾಗುತ್ತಿರುವುದನ್ನು ಕಂಡು 1987ರಲ್ಲಿ ಸರ್ಕಾರ ರಫ್ತು ನಿಷೇಧಿಸಿತು. ಕಾಲೇಜುಗಳಲ್ಲಿ ಕಪ್ಪೆ ಕೊಯ್ಯುವುದೂ ಯುಜಿಸಿ ಸೂಚನೆಗಳಿಂದಾಗಿ ನಿಂತಿದೆ. ಅದು ಒಳ್ಳೆಯದೇ. ಆದರೆ ಬಿ.ಎಸ್ಸಿ. ಪಾಠದಲ್ಲಿ ಕಪ್ಪೆಯ ಭ್ರೂಣ ಇಂದು ಬಣ್ಣ ಹಚ್ಚಿದ ಸ್ಲೈಡಾಗಿ, ಅಡ್ಡಕೊಯ್ತದ ಚಿತ್ರವಾಗಿ ಮಾತ್ರ ಉಳಿದಿದೆ. ಸ್ಲೈಡಿನಲ್ಲಿ ಎಲ್ಲವೂ ನಿಂತುಹೋಗಿರುತ್ತದೆ, ಈ ವಿಷಯದಲ್ಲಿ ನೋಡಬೇಕಾದದ್ದು ಚಲನೆಯನ್ನು.

ಮಂಡ್ಯದ ಹುಡುಗ ಹುಡುಗಿಯರಿಗೆ ಅದು ದೂರದ ಮಾತಲ್ಲ. ಮಳೆಯ ಮರುದಿನ ಬೆಳಗ್ಗೆ ಬೇಗ ಹೋಗಿ, ಲೋಳೆದಾರ ಇದ್ದಲ್ಲಿಯೇ ಕುಳಿತು, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಿಂದ ಅರ್ಧ ಗಂಟೆಗೊಮ್ಮೆ ಒಂದೇ ಮೊಟ್ಟೆಯನ್ನು ನೋಡುತ್ತ ಹೋಗಬೇಕು. ಮೊದಲು ಸೀಳುಗಳು ಕಾಣುತ್ತವೆ, ಆಮೇಲೆ ಕೆಲ ಹೊತ್ತು ಏನೂ ಆಗುತ್ತಿಲ್ಲ ಅನಿಸುತ್ತದೆ. ಅಲ್ಲಿ ಎದ್ದುಬರಬಾರದು. ತಿಳಿಬಣ್ಣದ ಭಾಗದ ಅಂಚಿನಲ್ಲಿ ಕಪ್ಪು ಗೀರು ಕಂಡಿತೆಂದರೆ ಮುಂದಿನದು ಶುರುವಾಯಿತು. ಅದು ಬಾಗಿ, ಸುತ್ತುವರಿದು, ಬಿಳಿ ಚುಕ್ಕೆಯೊಂದನ್ನು ಹಿಡಿದಿಡುವವರೆಗೆ ಕಾದರೆ ರುಸ್ಕೋನಿ ಪಾವಿಯಾದಲ್ಲಿ ಕಂಡದ್ದನ್ನೇ ಕಾಣಬಹುದು. ನೆಲಗಪ್ಪೆಯ ಮೊಟ್ಟೆ ಪೂರ್ತಿ ಕಪ್ಪಾದ್ದರಿಂದ ಗುರುತು ಹಿಡಿಯುವುದು ಕಷ್ಟ, ಕೆಳಗರ್ಧ ಬಿಳಿಚಿರುವ ಮೊಟ್ಟೆಯೇ ಇದಕ್ಕೆ ಮೇಲು. ಔಷಧಿ ಹೊಡೆದ ಗದ್ದೆಗಿಂತ ಕೆರೆಯಂಚು ಒಳ್ಳೆಯದು.